ನೀರು ಕುಡಿಯದ ಬಟ್ಟೆ

ಚಿಲಿ ದೇಶದ ಉತ್ತರ ಭಾಗದಲ್ಲಿ ಅಟಕಾಮ ಎಂಬ ಮರುಭೂಮಿ ಇದೆ. ಜಗತ್ತಿನ ಅತ್ಯಂತ ಒಣ ಪ್ರದೇಶಗಳಲ್ಲಿ ಅದೂ ಒಂದು, ಅಲ್ಲಿ ಮಳೆ ಬೀಳುವುದೇ ಅಪರೂಪ ಎಂದು ನಮ್ಮ ಭೂಗೋಳದ ಮಾಸ್ತರರು ಬರೆಸಿದ್ದರು. ಮಳೆ ಬೀಳದ ಆ ಜಾಗದಲ್ಲಿ ಈಚೆಗೆ ಬಟ್ಟೆ ಬೀಳುತ್ತಿದೆ. ಹತ್ತಿರದ ಇಕೀಕೆ ಬಂದರು ಸುಂಕಮುಕ್ತ ವಲಯ. ಹಾಗಾಗಿ ದೂರದೂರದ ದೇಶಗಳವರು ತೊಟ್ಟು ಬಿಟ್ಟ ಬಟ್ಟೆ, ಕೆಲವೊಮ್ಮೆ ತೊಡದೆಯೇ ಬಿಟ್ಟ ಬಟ್ಟೆ, ಹಡಗು ಹಡಗಾಗಿ ಅಲ್ಲಿ ಬಂದಿಳಿಯುತ್ತದೆ. ವರ್ಷಕ್ಕೆ ಬರುವುದು ಸುಮಾರು 59,000 ಟನ್, ಅದರಲ್ಲಿ ಗಿರಾಕಿ ಸಿಗದ 39,000 ಟನ್ನಿನಷ್ಟು ಆಲ್ಟೊ ಓಸ್ಪಿಸಿಯೊ ಎಂಬ ಊರಾಚೆಯ ಮರಳಿನ ಪಾಲು ಎಂದು 2021ರಲ್ಲಿ ಸುದ್ದಿಸಂಸ್ಥೆಗಳು ಲೆಕ್ಕ ಕೊಟ್ಟವು. 2024ರ ಏಪ್ರಿಲ್‌ನಲ್ಲಿ ಆ ಗುಡ್ಡೆಗಳ ನಡುವೆಯೇ ಒಂದು ಫ್ಯಾಷನ್ ಶೋ ನಡೆಯಿತು. ಬ್ರೆಜಿಲ್‌ನ ಕಲಾವಿದೆ ಮಾಯಾ ರಾಮೋಸ್ ಅಲ್ಲಿ ಬಿದ್ದಿದ್ದ ಬಟ್ಟೆಗಳನ್ನೇ ಹೆಕ್ಕಿ ಉಡುಪು ಕಟ್ಟಿದ್ದರು. ರೂಪದರ್ಶಿಯರು ಅದನ್ನು ತೊಟ್ಟು, ಹಳೆ ಬಟ್ಟೆಯ ದಿಬ್ಬಗಳ ನಡುವೆ ಪ್ಯಾರಿಸ್ಸಿನಲ್ಲಿ ನಡೆಯುವಷ್ಟೇ ಗಂಭೀರವಾಗಿ ನಡೆದರು.

ಅದರ ಚಿತ್ರಗಳನ್ನು ನಮ್ಮ ಮನೆಯವರಿಗೆ ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ, ಕೆಳಗಿಳಿಸಿ ನೋಡಿ, "ಚೆಂದ ಇದೆ. ಆದರೆ ಇದನ್ನ ಹಾಕ್ಕೊಂಡು ತರಕಾರಿ ತರೋಕೆ ಹೋಗೋಕಾಗುತ್ತಾ?" ಎಂದರು. ಇಂಥ ತೊಡುವ ಕಲೆಯ ಬಗ್ಗೆ ದೊಡ್ಡ ದೊಡ್ಡ ವಿಮರ್ಶಕರು ಎತ್ತುವ ಪ್ರಶ್ನೆಯೂ ಸುಮಾರಾಗಿ ಇದೇ. ಅವರು ತರಕಾರಿ ಎನ್ನುವುದಿಲ್ಲ, ಅಷ್ಟೆ.

ಎಸೆದ ಬಟ್ಟೆಯಿಂದ ಕಲೆ ಮಾಡುವ ಈ ಹುರುಪು ಚಿಲಿಗೆ ಮಾತ್ರ ಸೀಮಿತವಲ್ಲ, ನಮ್ಮ ಅಪಾರ್ಟ್‌ಮೆಂಟಿಗೂ ಬಂದಿದೆ. ಹೋದ ವರ್ಷ ಗಣೇಶೋತ್ಸವಕ್ಕೆ ಮಕ್ಕಳಿಗೆ 'ಕಸದಿಂದ ರಸ' ಎಂಬ ಛದ್ಮವೇಷ ಸ್ಪರ್ಧೆ ಇಟ್ಟಿದ್ದರು. ಎದುರುಮನೆಯ ಹುಡುಗಿ ಚಿಪ್ಸ್ ಪೊಟ್ಟಣಗಳ ಬೆಳ್ಳಿಬಣ್ಣದ ಒಳಮೈಯನ್ನು ಹೊರಗೆ ಮಾಡಿ ಹೊಲಿದ ಲಂಗ ತೊಟ್ಟು ಬಂದಳು. ಅಷ್ಟು ಖಾಲಿ ಪೊಟ್ಟಣ ಒಂದು ಮನೆಯಲ್ಲಿ ಎಲ್ಲಿಂದ ಬರಬೇಕು? ಅವಳ ತಾಯಿ ಅಂಗಡಿಯಿಂದ ಒಂದು ಪೆಟ್ಟಿಗೆ ಚಿಪ್ಸ್ ತರಿಸಿ, ಒಳಗಿದ್ದುದನ್ನೆಲ್ಲ ಡಬ್ಬಿಗೆ ಸುರಿದು, ಪೊಟ್ಟಣ ತೊಳೆದು ಒಣಗಿಸಿದ್ದರಂತೆ. ಜೊತೆಗೆ ಹೊಸ ಅಂಟು, ಹೊಸ ಲೇಸು, ಮಿಣುಕುವ ದೀಪದ ಸರ. ಮೊದಲ ಬಹುಮಾನ ಬಂತು. ಮರುದಿನ ಬೆಳಗ್ಗೆ ಒಣಕಸದ ಡಬ್ಬಿಯಿಂದ ಆ ಲಂಗದ ಅಂಚು ಹೊರಗೆ ಇಣುಕುತ್ತಿತ್ತು. ಕಸದಿಂದ ರಸ, ರಸದಿಂದ ಮತ್ತೆ ಕಸ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಈ ಕಲೆಯನ್ನು ಗೇಲಿ ಮಾಡಲು ಕೂತಿದ್ದೇನೆ ಎಂದುಕೊಳ್ಳಬೇಡಿ. ನನಗೆ ಅದರ ಮೇಲೆ ಮಮಕಾರವೇ ಇದೆ. ಆ ಮಮಕಾರ ಹುಟ್ಟಿಸಿದ್ದು ಮಾತ್ರ ಕಲಾ ಗ್ಯಾಲರಿ ಅಲ್ಲ, ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು.

ನಮ್ಮ ಬೀದಿಗೆ ಆಕೆ ಈಗಲೂ ಬರುತ್ತಾಳೆ. ತಲೆಯ ಮೇಲೆ ಸ್ಟೀಲ್ ಡಬ್ಬಿ, ಬೋಗುಣಿಗಳ ಬುಟ್ಟಿ, ಹೆಗಲಿಗೆ ಹಳೆ ಬಟ್ಟೆಯ ಗಂಟು. ಹಿಂದೆಲ್ಲ ಹಳೆ ಪ್ಯಾಂಟು, ಜರಿ ಸೀರೆ ಕಂಡರೆ ಆಕೆಯ ಕಣ್ಣು ಅರಳುತ್ತಿತ್ತು. ಒಂದು ದಿನ ಮಗಳು ಬೇಡವೆಂದು ಬಿಟ್ಟ ಟಾಪುಗಳನ್ನೆಲ್ಲ ಆಕೆಯ ಮುಂದೆ ಹರಡಿದೆ. ಒಂದಕ್ಕೂ ತೂತಿಲ್ಲ, ಬಣ್ಣ ಬಿಟ್ಟಿಲ್ಲ. ಇವಕ್ಕೆ ಒಂದು ಡಬ್ಬಿ ಗ್ಯಾರಂಟಿ ಎಂದುಕೊಂಡೆ. ಆಕೆ ಬೆರಳ ತುದಿಯಲ್ಲಿ ಎತ್ತಿ ನೋಡಿ ಕೆಳಗಿಟ್ಟಳು.

"ಇವು ಬೇಡ ಅಕ್ಕಾ. ಕಾಟನ್ ಇದ್ರೆ ಕೊಡಿ."

"ಯಾಕಮ್ಮ, ಹೊಸದರ ಹಾಗೇ ಇವೆಯಲ್ಲ?"

"ಹೊಸದೇ ಅಕ್ಕಾ. ಆದ್ರೆ ನೀರು ಕುಡಿಯಲ್ಲ. ಇದ್ರಲ್ಲಿ ನೆಲ ಒರೆಸಿದ್ರೆ ನೀರು ಈ ಕಡೆಯಿಂದ ಆ ಕಡೆ ಹೋಗುತ್ತೆ ಅಷ್ಟೆ. ಗ್ಯಾರೇಜಿನೋರೂ ಮುಟ್ಟಲ್ಲ."

ಫ್ಯಾಷನ್ ಉದ್ಯಮದ ಮೇಲೆ ಬಂದ ಟೀಕೆಗಳಲ್ಲಿ ಇಷ್ಟು ಚುರುಕಾದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ನೂಲಿನವರ ಬಳಿ ಇದಕ್ಕೆ ಅಂಕಿಯೂ ಇದೆ. ಹತ್ತಿ ಸುಮ್ಮನೆ ಗಾಳಿಯಲ್ಲಿದ್ದರೂ ತನ್ನ ಒಣ ತೂಕದ ಶೇ. 8.5ರಷ್ಟು ತೇವವನ್ನು ಹೀರಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರಿನದು ಬರೀ ಶೇ. 0.4. ಜಗತ್ತಿನಲ್ಲಿ ಇಂದು ತಯಾರಾಗುವ ಒಟ್ಟು ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರು. ಎಂದರೆ ಭೂಮಿಯ ಮೇಲಿನ ಅರ್ಧ ಬಟ್ಟೆಗೆ ನೆಲ ಒರೆಸುವ ಯೋಗ್ಯತೆಯೂ ಇಲ್ಲ. ಒರೆಸಲು ಬಾರದ, ಹೊದೆಯಲು ಬಾರದ, ಕೊಳೆಯಲೂ ಬಾರದ ಬಟ್ಟೆಗೆ ಉಳಿಯುವ ಗತಿ ಏನು? ನನಗೆ ತೋಚುವುದು ಎರಡೇ. ಒಂದು ಅಟಕಾಮ. ಇನ್ನೊಂದು ಕಲೆ.

ನಮ್ಮ ಅಜ್ಜಿಯ ಕಾಲದಲ್ಲಿ ಬಟ್ಟೆಗೆ ಇಂಥ ಗತಿಗೇಡು ಇರಲಿಲ್ಲ. ಧಾರವಾಡದ ಕಡೆಯ ಆ ಮನೆಯಲ್ಲಿ ಒಂದು ಹತ್ತಿಯ ಇಳಕಲ್ ಸೀರೆ ಒಳಗೆ ಬಂತೆಂದರೆ ಮತ್ತೆ ಹೊರಗೆ ಹೋಗುತ್ತಿದ್ದದ್ದು ಬೂದಿಯಾಗಿಯೇ. ಮೊದಲು ಮದುವೆ-ಮುಂಜಿಗೆ ಉಡುವ ಸೀರೆ, ಆಮೇಲೆ ಮನೆಯಲ್ಲಿ ಉಡುವ ಸೀರೆ. ಮೆತ್ತಗಾದ ಮೇಲೆ ತೊಟ್ಟಿಲಿಗೆ, ಕೂಸಿನ ಕುಂಚಿಗೆಯ ಅಸ್ತರಿಗೆ, ಬಾಣಂತಿಯ ತಲೆಗೆ. ಹೆಂಗಸರ ತಿಂಗಳಿನ ದಿನಗಳಿಗೆ ಬೇಕಾದ ಬಟ್ಟೆಯೂ ಅದರಿಂದಲೇ. ಇದನ್ನು ಯಾವ ಪರಂಪರೆಯ ಪುಸ್ತಕದಲ್ಲೂ ಬರೆಯುವುದಿಲ್ಲವಾದ್ದರಿಂದ ನಾನಾದರೂ ಬರೆಯುತ್ತೇನೆ. ಅಜ್ಜನ ಪಂಚೆಗೆ ಬೇರೆ ದಾರಿ: ಮಹಡಿಯ ಮೇಲೆ ಸಂಡಿಗೆ ಇಡಲು, ಶ್ರೀಖಂಡಕ್ಕೆ ಮೊಸರು ಕಟ್ಟಲು, ಎಣ್ಣೆ ಸೋಸಲು. ಸಂಡಿಗೆ ಒಣಗಿದ ಮೇಲೆ ಪಂಚೆಯನ್ನು ಮಗುಚಿ ಹಿಂಬದಿಗೆ ನೀರು ಚಿಮುಕಿಸಿದರೆ ಸಂಡಿಗೆ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಅದೇ ಪ್ರಯೋಗವನ್ನು ಟೆರ್ಲಿನ್ ಅಂಗಿಯ ಮೇಲೆ ಮಾಡಿ ನೋಡಿ. ಕೊನೆಯಲ್ಲಿ ಎಲ್ಲವೂ ಮಸಿಬಟ್ಟೆ, ಮಸಿಬಟ್ಟೆಯೂ ಚಿಂದಿಯಾದರೆ ಒಲೆಯ ಬಾಯಿ.

ಇಲ್ಲಿ ಒಂದು ಅಪವಾದ ಒಪ್ಪಿಕೊಳ್ಳಬೇಕು. ರವಿಕೆ ಕಣ. ಅರಿಶಿನ-ಕುಂಕುಮಕ್ಕೆ ಹೋದಲ್ಲೆಲ್ಲ ಕೊಡುವ ಆ ಕಣವನ್ನು ಯಾರೂ ಹೊಲಿಸುವುದಿಲ್ಲ. ಅದು ಮಡಿಕೆ ಬಿಚ್ಚದೆ ಒಂದು ಮನೆಯಿಂದ ಇನ್ನೊಂದು ಮನೆಗೆ, ಶ್ರಾವಣದಿಂದ ನವರಾತ್ರಿಗೆ, ನವರಾತ್ರಿಯಿಂದ ಯಾರದೋ ಸೀಮಂತಕ್ಕೆ ಸುತ್ತುತ್ತಲೇ ಇರುತ್ತದೆ. ನಾನು ಕೊಟ್ಟ ಹಸಿರು ಕಣ, ಮೂಲೆಯಲ್ಲಿದ್ದ ಶಾಯಿಯ ಚುಕ್ಕೆ ಸಮೇತ, ನನಗೇ ಉಡಿಯಲ್ಲಿ ಬಂದು ಬಿದ್ದದ್ದುಂಟು. ಮರುಬಳಕೆಯ ಬಗ್ಗೆ ಭಾಷಣ ಮಾಡುವವರು ಒಮ್ಮೆ ನಮ್ಮ ಉಡಿ ತುಂಬುವ ಶಾಸ್ತ್ರಕ್ಕೆ ಬರಬೇಕು.

ಬಟ್ಟೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕತೆ ನಮ್ಮ ಅಜ್ಜಿಗಿಂತ ಬಹಳ ಹಳೆಯದು. ಬೌದ್ಧರ ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಕೌಶಾಂಬಿಯ ಉದಯನ ರಾಜನ ರಾಣಿವಾಸದವರು ಆನಂದ ಭಿಕ್ಷುವಿಗೆ 500 ಮೇಲುಹೊದಿಕೆಗಳನ್ನು ದಾನ ಮಾಡಿಬಿಟ್ಟರು. ರಾಜನಿಗೆ ಸಿಟ್ಟು ಬಂತು. ಸನ್ಯಾಸಿಗೆ ಇಷ್ಟೊಂದು ಬಟ್ಟೆ ಏಕೆ, ಅಂಗಡಿ ಇಡುತ್ತಾನೇನು ಎಂದು ನೇರ ಹೋಗಿ ವಿಚಾರಿಸಿದ. ಉಡುವ ಚೀವರ ಹರಿದ ಭಿಕ್ಷುಗಳಿಗೆ ಹಂಚುತ್ತೇನೆ ಎಂದ ಆನಂದ. ಹರಿದವನ್ನು ಏನು ಮಾಡುತ್ತೀರಿ? ಮೇಲುಹಾಸು ಮಾಡುತ್ತೇವೆ. ಹಳೆಯ ಮೇಲುಹಾಸು? ಹಾಸಿಗೆಯ ಗವಸು. ಹಳೆಯ ಗವಸು? ನೆಲಹಾಸು. ಅದೂ ಸವೆದರೆ ಕಾಲೊರಸು, ಆಮೇಲೆ ದೂಳೊರಸು. ಅದೂ ಚಿಂದಿಯಾದರೆ? ಕೊಚ್ಚಿ, ಮಣ್ಣಿನಲ್ಲಿ ಕಲಸಿ, ನೆಲಕ್ಕೆ ಮೆತ್ತುತ್ತೇವೆ. ರಾಜ ತಲೆದೂಗಿ ಇನ್ನೂ 500 ಕೊಟ್ಟನಂತೆ. ಇದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಆ ಪ್ರಶ್ನೆ. ಸಾವಿರಾರು ವರ್ಷಗಳ ಹಿಂದಿನ ಒಬ್ಬ ರಾಜನಿಗೆ, ಈ ಬಟ್ಟೆ ಹಳೆಯದಾದ ಮೇಲೆ ಏನಾಗುತ್ತದೆ ಎಂದು ಕೇಳಬೇಕು ಅನ್ನಿಸಿತ್ತು.

ಆ ಭಿಕ್ಷುಗಳ ಚೀವರವೂ ಒಂದು ಲೆಕ್ಕದಲ್ಲಿ ಎಸೆದ ಬಟ್ಟೆಯ ಕಲೆಯೇ. ಮೊದಮೊದಲು ಅವರು ಸ್ಮಶಾನದಲ್ಲಿ, ದಾರಿಬದಿಯಲ್ಲಿ ಬಿದ್ದ ಚಿಂದಿಯನ್ನು ಆಯ್ದು ಹೊಲಿದುಕೊಳ್ಳುತ್ತಿದ್ದರು. ಮಗಧದ ಗದ್ದೆಗಳನ್ನೂ ಅವುಗಳ ಬದುಗಳನ್ನೂ ಆನಂದನಿಗೆ ತೋರಿಸಿ, ಚೀವರವನ್ನು ಹೀಗೆ ಹೊಲಿಯಲಾದೀತೇ ಎಂದು ಬುದ್ಧ ಕೇಳಿದ ಎನ್ನುತ್ತದೆ ವಿನಯಪಿಟಕ. ಇಂದಿಗೂ ಬೌದ್ಧ ಭಿಕ್ಷುಗಳ ಚೀವರದಲ್ಲಿ ಆ ಗದ್ದೆಯ ಬದುಗಳಿವೆ. ಬೈಲಕುಪ್ಪೆಗೆ ಹೋದಾಗ ಗಮನಿಸಿ ನೋಡಿ.

ನಮ್ಮಲ್ಲಿ ಈ ಕಲೆಯ ದೊಡ್ಡಕ್ಕ ಕೌದಿ. ಅದರ ಗುಣಗಾನವನ್ನು ಈಗಾಗಲೇ ಎಲ್ಲರೂ ಮಾಡಿದ್ದಾರೆ, ನಾನು ಬೇರೆ ಯಾಕೆ? ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ಕೌದಿಯಾದ ಕವಂದಿಯ ಬಗ್ಗೆ ಮಾತ್ರ ನಾಲ್ಕು ಮಾತು. ಆಫ್ರಿಕಾದಿಂದ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು ಈ ಸಿದ್ದಿಗಳು. ಅವರು ಕವಂದಿಯನ್ನು ಅಂಚಿನಿಂದ ಹಿಡಿದು ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೆಳಗೆ ಒಂದು ಹಳೆ ಸೀರೆ, ಮೇಲೆ ಯಾರ್ಯಾರದೋ ಅಂಗಿ, ಲಂಗ, ಪರಕಾರದ ತುಂಡುಗಳು. ಕೊನೆಗೆ ನಾಲ್ಕು ಮೂಲೆಗೂ ಮಡಿಕೆ ಹಾಕಿದ ತ್ರಿಕೋನದ ತುಂಡು ಹೊಲಿಯುತ್ತಾರೆ. ಅದಕ್ಕೆ ಅವರು ಹೂವು ಎನ್ನುತ್ತಾರೆ. ಆ ಹೂವಿಲ್ಲದ ಕವಂದಿ ಬೆತ್ತಲೆ ಎಂಬುದು ಅವರ ತೀರ್ಮಾನ. ಇಡೀ ಮನೆಯವರು ಬಿಟ್ಟ ಬಟ್ಟೆಯಿಂದ ಮಾಡಿದ ಹೊದಿಕೆಗೇ ಮೈಮುಚ್ಚುವ ಚಿಂತೆ ಮಾಡಿದ ಆ ಮನಸ್ಸನ್ನು ನಾನು ಯಾವ ಡಿಸೈನರನಿಗಿಂತ ಕೆಳಗೆ ಇಡಲಿ? ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಇವುಗಳ ಬಗ್ಗೆ ಬರೆದರು. ಕವಂದಿಗಳು ಅಲ್ಲಿನ ಪ್ರದರ್ಶನಗಳಿಗೂ ಹೋಗಿಬಂದವು.

ಇನ್ನು ತೊಡುವ ಕಲೆ ಎಂದರೆ ನನಗೆ ಮೊದಲು ನೆನಪಾಗುವುದು ಮನುಷ್ಯರಲ್ಲ, ಕೋಲೆ ಬಸವ. ಮನೆಮನೆಯವರು ಕೊಟ್ಟ ಹಳೆ ಸೀರೆಗಳನ್ನೆಲ್ಲ ಒಂದರ ಮೇಲೊಂದು ಹೊದೆದು, ಕೊಂಬಿಗೆ ರಿಬ್ಬನ್ನು, ಕೊರಳಿಗೆ ಗಂಟೆ ಕಟ್ಟಿಕೊಂಡು, ಎಲ್ಲದಕ್ಕೂ ತಲೆಯಾಡಿಸುತ್ತಾ ಬರುವ ಆ ಬಸವನಷ್ಟು ಠೀವಿಯಿಂದ ಹಳೆ ಬಟ್ಟೆಯನ್ನು ತೊಟ್ಟವರು ಇಲ್ಲ. ಬೀದಿಯ ಹೆಂಗಸರು ಅದರ ಬೆನ್ನಿನ ಮೇಲೆ ತಮ್ಮ ತಮ್ಮ ಸೀರೆಯನ್ನು ಗುರುತು ಹಿಡಿಯುತ್ತಿದ್ದರು. "ಅದು ನಂದು, ಕಾಫಿಪುಡಿ ಬಣ್ಣದ್ದು" ಎಂದು ಹೇಳಿಕೊಳ್ಳುವುದರಲ್ಲಿ ಒಂದು ಹೆಮ್ಮೆಯೂ ಇತ್ತು.

ಪ್ಯಾರಿಸ್ಸಿನವರು ಈ ಕಲೆಗೆ ಬಂದದ್ದು ತಡವಾಗಿ, ಆದರೆ ಬಂದಾಗ ಚೆನ್ನಾಗಿಯೇ ಬಂದರು. ಬೆಲ್ಜಿಯಮ್ಮಿನ ಮಾರ್ಟಿನ್ ಮಾರ್ಜಿಯೆಲಾ 1988ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಫ್ಯಾಷನ್ ಸಂಸ್ಥೆ ಕಟ್ಟಿದ. ಒಡೆದ ಪಿಂಗಾಣಿ ತಟ್ಟೆಗಳನ್ನು ತಂತಿಯಲ್ಲಿ ಪೋಣಿಸಿ ವೇಸ್ಟ್‌ಕೋಟು ಮಾಡಿದ. ಸೈನ್ಯದವರಿಗೆ ಬೇಡವಾದ ಕಾಲುಚೀಲಗಳನ್ನು ಬಿಚ್ಚಿ ಜೋಡಿಸಿ ಸ್ವೆಟರ್ ಹೊಲಿದ. ಕಾಲುಚೀಲದಲ್ಲಿ ಹಿಮ್ಮಡಿಗೆಂದು ಉಬ್ಬಿಸಿದ ಭಾಗ ಇರುತ್ತದಲ್ಲ, ಅದು ಸರಿಯಾಗಿ ಮೊಣಕೈಗೂ ಎದೆಗೂ ಬರುವಂತೆ ಕೂಡಿಸಿದ್ದ. ಇದು ಬರೀ ಬುದ್ಧಿವಂತಿಕೆಯಲ್ಲ, ಹೊಲಿಗೆ ಗೊತ್ತಿದ್ದವನ ಬುದ್ಧಿವಂತಿಕೆ. ಆಮೇಲೆ ಆ ಸ್ವೆಟರನ್ನು ಮನೆಯಲ್ಲೇ ಹೊಲಿದುಕೊಳ್ಳುವ ಕ್ರಮವನ್ನು ಒಂದು ಪತ್ರಿಕೆಯಲ್ಲಿ ಚಿತ್ರಸಮೇತ ಅಚ್ಚು ಮಾಡಿಸಿದರು. ಇಂಥ ಒಂದೊಂದು ಉಡುಪಿಗೆ ಎಷ್ಟು ಗಂಟೆಯ ಕೈಕೆಲಸ ಹಿಡಿಯಿತು ಎಂಬುದನ್ನೂ ಆ ಸಂಸ್ಥೆಯವರು ಹೇಳುತ್ತಿದ್ದರು. ಗುಟ್ಟು ಬಿಟ್ಟುಕೊಟ್ಟ, ಕೂಲಿಯ ಲೆಕ್ಕ ಇಟ್ಟ ಡಿಸೈನರ್ ಎಂಬ ಕಾರಣಕ್ಕೆ ಆತನಿಗೆ ನನ್ನ ಒಂದು ನಮಸ್ಕಾರ.

ಮಾಲಿ ದೇಶದ ಬಮಾಕೊದಲ್ಲಿ ಹುಟ್ಟಿದ ಲಾಮಿನ್ ಕುಯಾಟೆ 1990ರ ದಶಕದಲ್ಲಿ ಅದೇ ಪ್ಯಾರಿಸ್ಸಿನಲ್ಲಿ, ಜುಲಿ ಬೆಟ್ ಎಂಬ ಹೆಸರಿನಲ್ಲಿ ಸಂತೆಯ ಹಳೆ ಸ್ವೆಟರುಗಳನ್ನು ಕತ್ತರಿಸಿ ಮೈಗೆ ಅಂಟುವ ಉಡುಪು ಮಾಡಿದ. ಹೊಲಿಗೆಯನ್ನೆಲ್ಲ ಕೆಂಪು ದಾರದಲ್ಲಿ, ಹೊರಗೆ ಎದ್ದು ಕಾಣುವಂತೆ ಹಾಕಿದ. ನಮ್ಮ ದರ್ಜಿಗಳು ತೇಪೆ ಕಾಣಬಾರದೆಂದು ಒದ್ದಾಡಿದರೆ ಆತ ಕಾಣಲಿ ಎಂದ. ಬಡದೇಶದಿಂದ ಬಂದವನಿಗೆ ತೇಪೆಯಲ್ಲಿ ನಾಚಿಕೆ ಇರಲಿಲ್ಲ. ಶ್ರೀಮಂತರ ಕಸ ಎಲ್ಲಿಗೆ ಹೋಗುತ್ತದೆಂದು ಅವನು ಕಣ್ಣಾರೆ ಕಂಡವನು.

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. 2000ದ ಜನವರಿಯಲ್ಲಿ ಜಾನ್ ಗಲಿಯಾನೊ ಡಿಯೊರ್ ಸಂಸ್ಥೆಗಾಗಿ ಪ್ಯಾರಿಸ್ಸಿನ ನಿರ್ಗತಿಕರ ವೇಷದಿಂದ ಸ್ಫೂರ್ತಿ ಪಡೆದ ಉಡುಪುಗಳನ್ನು ತೋರಿಸಿದ. ಹರಿದಂತೆ ಕಾಣುವ ರೇಷ್ಮೆ, ವೃತ್ತಪತ್ರಿಕೆಯನ್ನು ಅಚ್ಚೊತ್ತಿದ ಬಟ್ಟೆ, ಸೊಂಟಕ್ಕೆ ನೇತುಬಿಟ್ಟ ಪುಟ್ಟ ಬಾಟಲಿ. ನಿರ್ಗತಿಕರ ಪರವಾದವರು ಅಂಗಡಿಯೆದುರು ಬಂದು ಪ್ರತಿಭಟಿಸಿದರು. ಮರುವರ್ಷ ಹಾಲಿವುಡ್ಡಿನವರು ಜೂಲ್ಯಾಂಡರ್ ಎಂಬ ಚಿತ್ರದಲ್ಲಿ ಇಂಥದೇ ಫ್ಯಾಷನ್ನನ್ನು ಗೇಲಿ ಮಾಡಿ ನಗಿಸಿದರು. ನಗುವಿಗೆ ನಾಚದವರು ಮಾತ್ರ ಮುಂದುವರಿದರು. 2022ರಲ್ಲಿ ಬಲೆನ್ಸಿಯಾಗ ಸಂಸ್ಥೆ ಥೇಟ್ ಕಸದ ಚೀಲದಂತಿರುವ ಚರ್ಮದ ಚೀಲವನ್ನು 1,790 ಡಾಲರಿಗೂ, ಬೇಕೆಂದೇ ಹರಿದು ಕೊಳೆ ಮಾಡಿದ ಬೂಟುಗಳನ್ನು 1,850 ಡಾಲರಿಗೂ ಮಾರಾಟಕ್ಕಿಟ್ಟಿತು. ಇದನ್ನು ಕೇಳಿ ನಮ್ಮ ಮನೆಯವರು ತಮ್ಮ ವಾಕಿಂಗ್ ಬೂಟುಗಳನ್ನು ಹೊಸ ಗೌರವದಿಂದ ನೋಡತೊಡಗಿದ್ದಾರೆ. ನನ್ನ ಎಣಿಕೆಯಲ್ಲಿ ಮಾರ್ಜಿಯೆಲಾನ ಕಾಲುಚೀಲದ ಸ್ವೆಟರಿಗೂ ಈ ಬೂಟಿಗೂ ಇರುವ ಅಂತರ ಇಷ್ಟೇ: ಒಂದರಲ್ಲಿ ಹಳೆಯದನ್ನು ಬಳಸಿ ಹೊಸದು ಮಾಡಿದರು, ಇನ್ನೊಂದರಲ್ಲಿ ಹೊಸದನ್ನು ಕೆಡಿಸಿ ಹಳೆಯದು ಮಾಡಿದರು. ಹೊಸದನ್ನು ಕೆಡಿಸಿದ್ದಕ್ಕೆ ಕಲೆ ಎನ್ನುವುದು ಹಾಗಿರಲಿ, ನಮ್ಮ ಅಜ್ಜಿಯಾದರೆ ಬೆನ್ನಿಗೊಂದು ಕೊಡುತ್ತಿದ್ದಳು.

ಹೊಸದನ್ನು ಕೆಡಿಸುವ ಮಾತು ಬಂತಲ್ಲ, ಬರ್ಬರಿ ಎಂಬ ಬ್ರಿಟನ್ನಿನ ಹೆಸರಾಂತ ಸಂಸ್ಥೆ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡು ಬೆಲೆಯ, ಮಾರಾಟವಾಗದೆ ಉಳಿದ ಸರಕನ್ನು ನಾಶ ಮಾಡಿದ್ದು 2018ರಲ್ಲಿ ಬಯಲಾಯಿತು. ಕಡಿಮೆ ಬೆಲೆಗೆ ಯಾರ್ಯಾರೋ ತೊಟ್ಟರೆ ಮರ್ಯಾದೆಗೆ ಕಡಿಮೆ ಎಂಬ ಚಿಂತೆ. ಗದ್ದಲವಾದ ಮೇಲೆ ಆ ಪದ್ಧತಿ ನಿಲ್ಲಿಸುವುದಾಗಿ ಸಂಸ್ಥೆ ಹೇಳಿತು. ಫ್ರಾನ್ಸಿನಲ್ಲಿ ಈಗ ಮಾರಾಟವಾಗದ ಬಟ್ಟೆಯನ್ನು ನಾಶ ಮಾಡುವುದಕ್ಕೆ ಕಾನೂನಿನ ನಿಷೇಧವೇ ಇದೆ.

ಇನ್ನೊಂದು ಕಡೆ ಅಗ್ಗದ ಅಂಗಡಿಗಳು. ಮೊದಲೆಲ್ಲ ಹೊಸ ಬಟ್ಟೆ ಎಂದರೆ ಯುಗಾದಿಗೊಂದು, ದೀಪಾವಳಿಗೊಂದು. ಸ್ಪೇನಿನ ಜಾರಾದಂಥ ಕಂಪನಿಗಳು ಕಾಗದದ ಮೇಲಿನ ವಿನ್ಯಾಸವನ್ನು ಎರಡು ಮೂರು ವಾರದಲ್ಲಿ ಅಂಗಡಿಗೆ ಇಳಿಸುವುದನ್ನು ಕಲಿತವು. ಅದೂ ನಿಧಾನವಾಯಿತೆಂದು ಈಗ ಫೋನಿನಲ್ಲೇ ದಿನಕ್ಕೆ ಸಾವಿರಾರು ಹೊಸ ನಮೂನೆ ತೋರಿಸುವವರು ಬಂದಿದ್ದಾರೆ. ನನ್ನ ಮಗಳು ಹಾಸಿಗೆಯಲ್ಲಿ ಮಲಗಿ ಬೆರಳಲ್ಲೇ ಅಂಗಡಿ ಬೀದಿ ಸುತ್ತುತ್ತಾಳೆ. "ಅಮ್ಮಾ, ಇದರ ಬೆಲೆ ಒಂದು ಮಸಾಲೆ ದೋಸೆಯಷ್ಟೂ ಇಲ್ಲ" ಎನ್ನುತ್ತಾಳೆ. ದೋಸೆ ಮಾಡಿದವನಿಗೆ ಅಷ್ಟು ಕೊಡಬೇಕಾದರೆ ಅಂಗಿ ಹೊಲಿದವಳಿಗೆ ಎಷ್ಟು ಸಿಕ್ಕಿರಬೇಕು ಎಂದು ಕೇಳಿದರೆ, "ಶುರು ಮಾಡಬೇಡ" ಎಂಬ ಉತ್ತರ.

ಅಂಗಿ ಹೊಲಿಯುವವಳನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಬೆಳಗ್ಗೆ ಬೆಂಗಳೂರಿನ ಮೈಸೂರು ರಸ್ತೆ, ಪೀಣ್ಯ, ಬೊಮ್ಮನಹಳ್ಳಿಗಳ ಕಡೆ ಊಟದ ಡಬ್ಬಿಯ ಚೀಲ ಹಿಡಿದು ಬಿರಬಿರನೆ ನಡೆಯುವ ಹೆಂಗಸರ ಸಾಲು ಕಂಡಿದ್ದೀರಲ್ಲ. "ಗಾರ್ಮೆಂಟ್ಸ್‌ಗೆ ಹೋಗ್ತೀನಿ" ಎನ್ನುತ್ತಾರೆ. ಒಬ್ಬಳಿಗೆ ಕಾಲರ್ ಮಾತ್ರ, ಇನ್ನೊಬ್ಬಳಿಗೆ ತೋಳು ಮಾತ್ರ. ಗಂಟೆಗೆ ಇಷ್ಟು ಎಂಬ ಟಾರ್ಗೆಟ್. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಮೊದಲು ಅಲ್ಲಿದ್ದವಳು. ಅಷ್ಟು ವರ್ಷ ಗಾರ್ಮೆಂಟ್ಸ್‌ನಲ್ಲಿದ್ದರೂ ಒಂದು ಇಡೀ ಅಂಗಿಯನ್ನು ಅವಳು ಎಂದೂ ಹೊಲಿದಿಲ್ಲ. 2016ರ ಏಪ್ರಿಲ್ 18 ಮತ್ತು 19ರಂದು ಈ ಹೆಂಗಸರೇ ಬೆಂಗಳೂರಿನ ಹೆದ್ದಾರಿಗಳನ್ನು ತಡೆದು ನಿಲ್ಲಿಸಿದ್ದು. ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ಪೂರ್ತಿಯಾಗಿ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ. ಮುಂದಾಳಿಲ್ಲದೆ ಬೀದಿಗಿಳಿದ ಅವರ ಕೂಗಿಗೆ ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮ ವಾಪಸ್ ಪಡೆಯಿತು. ಬಾಂಗ್ಲಾದೇಶದ ಸಾವರ್‌ನಲ್ಲಿ ಅವರ ಅಕ್ಕತಂಗಿಯರಿಗೆ ಕೂಗುವ ಅವಕಾಶವೂ ಸಿಗಲಿಲ್ಲ. 2013ರ ಏಪ್ರಿಲ್ 24ರಂದು ಗಾರ್ಮೆಂಟ್ಸ್ ಇದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಗೋಡೆ ಬಿರುಕು ಬಿಟ್ಟಿದ್ದು ಹಿಂದಿನ ದಿನವೇ ಕಂಡಿತ್ತು.

ತೊಡುವ ಕಲೆ ಮಾಡುವವರು ಬಟ್ಟೆಯ ಕಸವನ್ನು ಚೆನ್ನಾಗಿ ತೋರಿಸುತ್ತಾರೆ, ಹೊಲಿದ ಕೈಯನ್ನು ತೋರಿಸುವವರು ಕಡಿಮೆ. ನನ್ನ ತಕರಾರು ಇರುವುದು ಇಲ್ಲಿ. ಕುಯಾಟೆಯ ಕೆಂಪು ದಾರ ಅದಕ್ಕೇ ನನಗೆ ಹೆಚ್ಚು ಇಷ್ಟ.

ಎಸೆದ ಬಟ್ಟೆಯ ಇನ್ನೊಂದು ತುದಿ ಘಾನಾದ ಅಕ್ರಾ ನಗರದ ಕಾಂಟಮಾಂಟೊ ಸಂತೆ. ಅಲ್ಲಿಗೆ ವಾರಕ್ಕೆ ಸುಮಾರು 1.5 ಕೋಟಿ ಹಳೆ ಉಡುಪು ಬರುತ್ತದೆ ಎಂದು ಅಲ್ಲಿ ಕೆಲಸ ಮಾಡುವ ಓರ್ ಫೌಂಡೇಶನ್ನಿನ ಅಂದಾಜು. ವ್ಯಾಪಾರಿ ಮೂಟೆಯನ್ನು ಬಿಚ್ಚಿ ನೋಡುವಂತಿಲ್ಲ, ದುಡ್ಡು ಕೊಟ್ಟ ಮೇಲೆಯೇ ಹಣೆಬರಹ ಗೊತ್ತಾಗುವುದು. ಒಳಗೆ ಒಳ್ಳೆಯದಿದ್ದರೆ ಬದುಕಿದ, ಬೆವರಿನ ಕಲೆಯ ಟಿ-ಷರ್ಟುಗಳೇ ಇದ್ದರೆ ಸಾಲ. ಉತ್ತರ ಘಾನಾದಿಂದ ಬಂದ ಹುಡುಗಿಯರು 50 ಕೆಜಿಗೂ ಮೀರಿದ ಆ ಮೂಟೆಗಳನ್ನು ತಲೆಯ ಮೇಲೆ ಹೊರುತ್ತಾರೆ. ಹೋಗದೆ ಉಳಿದದ್ದು ಚರಂಡಿಗೆ, ಚರಂಡಿಯಿಂದ ಕಡಲಿಗೆ. ಅಲೆಗಳು ಅವನ್ನು ಹೊಸೆದು ಹೊಸೆದು ಉದ್ದುದ್ದ ಹಗ್ಗ ಮಾಡಿ ದಡಕ್ಕೆ ಎಸೆಯುತ್ತವೆ. ಆ ಸಂತೆಯಲ್ಲೇ ಸಾವಿರಾರು ದರ್ಜಿಗಳು, ಬಣ್ಣ ಹಾಕುವವರು, ಇಸ್ತ್ರಿಯವರು ಹಳೆಯದನ್ನು ಬಿಚ್ಚಿ ಹೊಸದು ಮಾಡಿ ಮಾರುತ್ತಾರೆ. ಅವರನ್ನು ಯಾರೂ ಕಲಾವಿದರೆಂದು ಕರೆಯುವುದಿಲ್ಲ. 2025ರ ಜನವರಿಯ ಮೊದಲಲ್ಲಿ ಆ ಸಂತೆಯ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಮಾಲು ಮಾತ್ರ ಬರುತ್ತಲೇ ಇತ್ತು. ಬೂದಿಯ ಮೇಲೆಯೇ ಮತ್ತೆ ಮಳಿಗೆಗಳು ಎದ್ದವು.

ಆಫ್ರಿಕಾ ಖಂಡದಿಂದ ಬಂದ ಉತ್ತರಗಳಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಉಗಾಂಡಾದ ಕಂಪಾಲದ್ದು. ಬಾಬಿ ಕೊಲಾಡೆ ಎಂಬ ಡಿಸೈನರ್ ಬರ್ಲಿನ್ನಿನಲ್ಲಿ ಓದಿ, ಪ್ಯಾರಿಸ್ಸಿನ ದೊಡ್ಡ ಫ್ಯಾಷನ್ ಸಂಸ್ಥೆಗಳಲ್ಲಿ ಕೆಲಸ ಕಲಿತು ಊರಿಗೆ ಮರಳಿ, ಉಗಾಂಡಾದ ಹತ್ತಿಯಲ್ಲೇ ಉಡುಪು ಮಾಡಬೇಕೆಂದು ಹೊರಟ. ಮಾಡಲಾಗಲಿಲ್ಲ, ಹಡಗಿನಲ್ಲಿ ಬಂದಿಳಿಯುವ ಹಳೆ ಬಟ್ಟೆ ಅಲ್ಲಿನ ಬಹುಪಾಲು ಗಿರಣಿಗಳನ್ನು ನಿಲ್ಲಿಸಿಬಿಟ್ಟಿತ್ತು. ಸರಿ, ಇದೇ ನಮ್ಮ ಕಚ್ಚಾಮಾಲು ಎಂದು ಊರಿನ ಓವಿನೊ ಸಂತೆಯ ಮೂಟೆಗಳನ್ನು ಕೊಂಡು, ನಾಲ್ಕು ಟಿ-ಷರ್ಟು ಕತ್ತರಿಸಿ ಒಂದು ಮಾಡಿ, 2022ರಿಂದ ಬುಜಿಗಾಹಿಲ್ ಎಂಬ ಹೆಸರಿನಲ್ಲಿ ಅವನ್ನು ಬಂದ ದೇಶಗಳಿಗೇ ಮಾರಲು ಶುರು ಮಾಡಿದ. ಆ ಸರಣಿಗೆ ಅವನಿಟ್ಟ ಹೆಸರು 'ರಿಟರ್ನ್ ಟು ಸೆಂಡರ್'. ವಿಳಾಸ ತಪ್ಪಿ ಬಂದ ಕಾಗದವನ್ನು ಪೋಸ್ಟ್‌ಮನ್ ಹಿಂದಕ್ಕೆ ಕಳಿಸುತ್ತಾನಲ್ಲ, ಹಾಗೆ. ಇದಕ್ಕಿಂತ ಸಭ್ಯವಾದ ಬೈಗುಳ ನನಗೆ ಗೊತ್ತಿಲ್ಲ. ಬೆಲೆ ನೋಡಿದೆ. ನಮ್ಮಂಥವರು ಕೊಳ್ಳುವಂಥದ್ದಲ್ಲ. ಕೊಳ್ಳಬೇಕಾದವರು ನಾವೂ ಅಲ್ಲ.

ನಮ್ಮ ದೇಶಕ್ಕೂ ಪರದೇಶದ ಹಳೆ ಬಟ್ಟೆ ಬರುತ್ತದೆ. ಕಾಂಡ್ಲಾ ಬಂದರಿನಲ್ಲಿಳಿದು ಹರಿಯಾಣದ ಪಾಣಿಪತ್ತಿಗೆ ಹೋಗುತ್ತದೆ. ಮೂರು ಯುದ್ಧ ಕಂಡ ಊರಿನಲ್ಲಿ ಈಗ ಕತ್ತರಿಯದೇ ಸದ್ದು. ಅಲ್ಲಿನ ಹೆಂಗಸರು ಕೋಟುಗಳ ಗುಂಡಿ ಬಿಚ್ಚಿ, ಜಿಪ್ ಕಿತ್ತು, ಬಣ್ಣಕ್ಕೆ ಬಣ್ಣ ಬೇರ್ಪಡಿಸುತ್ತಾರೆ. ಯಂತ್ರ ಅದನ್ನು ಹಿಂಜಿ ಮತ್ತೆ ನೂಲು ಮಾಡುತ್ತದೆ. ಅದರ ಕಂಬಳಿಗಳು ನೆರೆ, ಭೂಕಂಪದ ಪರಿಹಾರಕ್ಕೆ ಹೋಗುತ್ತವೆ. ಈ ವಿದ್ಯೆಯನ್ನು 1813ರಲ್ಲಿ ಇಂಗ್ಲೆಂಡಿನ ಬ್ಯಾಟ್ಲಿ ಊರಿನ ಬೆಂಜಮಿನ್ ಲಾ ಕಂಡುಹಿಡಿದ. ಈಗ ಅದು ನಮ್ಮ ಕೈಗೆ ಬಂದಿದೆ. ಮೇಘನಾ ಗುಪ್ತ ಅವರು ಪಾಣಿಪತ್ತಿನ ಈ ಹೆಂಗಸರ ಬಗ್ಗೆ 2012ರಲ್ಲಿ 'ಅನ್‌ರಾವೆಲ್' ಎಂಬ ಕಿರುಚಿತ್ರ ಮಾಡಿದ್ದಾರೆ. ಹೆಚ್ಚುಕಡಿಮೆ ಹೊಸದೇ ಆದ ಇಷ್ಟು ಬಟ್ಟೆಯನ್ನು ಪರದೇಶದವರು ಏಕೆ ಎಸೆಯುತ್ತಾರೆ ಎಂದು ಅವರಲ್ಲೊಬ್ಬಳು ಯೋಚಿಸುತ್ತಾಳೆ. ಪಾಪ, ಅಲ್ಲಿ ಒಗೆಯಲು ನೀರು ಸಿಗುವುದಿಲ್ಲವೇನೋ, ನೀರಿಗಿಂತ ಬಟ್ಟೆಯೇ ಅಗ್ಗವೇನೋ ಎಂಬ ಮಾತು ಬರುತ್ತದೆ. ಆ ಚಿತ್ರ ನೋಡಿ ನಾನು ಮೊದಲು ನಕ್ಕೆ. ಆಮೇಲೆ ಲೆಕ್ಕ ಹಾಕಿದರೆ, ಡ್ರೈಕ್ಲೀನಿಂಗ್ ದರವನ್ನೂ ಮಗಳ ಟಾಪಿನ ಬೆಲೆಯನ್ನೂ ಪಕ್ಕಪಕ್ಕ ಇಟ್ಟರೆ, ಆಕೆ ಹೇಳಿದ್ದು ಬಹುಮಟ್ಟಿಗೆ ನಿಜವೇ.

ಹಾಗಾದರೆ ಈ ತೊಡುವ ಕಲೆಯಿಂದ ಏನಾದರೂ ಕಡಿಮೆಯಾಯಿತೇ ಎಂದು ನಮ್ಮ ಮನೆಯವರು ಕೇಳುತ್ತಾರೆ. ಟನ್ನಿನ ಲೆಕ್ಕದಲ್ಲಿ ಏನೂ ಇಲ್ಲ. ಅಟಕಾಮದ ಶೋಗೆ ಹೆಕ್ಕಿದ ಬಟ್ಟೆ ಆ ರಾಶಿಯ ಮುಂದೆ ಯಾವ ಲೆಕ್ಕ? ಈ ಕಲೆಯ ಕೆಲಸ ಸಾಕ್ಷಿ ಹೇಳುವುದು. ಕಣ್ಣಿಗೆ ಕಾಣದಷ್ಟು ದೂರ ಸಾಗಿಸಿದ್ದನ್ನು ಮತ್ತೆ ಕಣ್ಣೆದುರಿಗೆ, ಅದೂ ಮನುಷ್ಯರ ಮೈಮೇಲೆ ತಂದು ನಿಲ್ಲಿಸುವುದು. ಅಷ್ಟು ಮಾಡಿದರೆ ಕಲೆ ಗೆದ್ದಿತು. ಉಳಿದದ್ದು ಕಾನೂನಿನವರದು, ಕಂಪನಿಯವರದು, ಹಾಸಿಗೆಯಲ್ಲಿ ಮಲಗಿ ಬೆರಳು ಆಡಿಸುವವರದು.

ನನ್ನ ಪಾಲಿಗೆ ಬಂದದ್ದು ಸಣ್ಣದು. ನನ್ನದೊಂದು ಉಣ್ಣೆಯ ಸ್ವೆಟರಿನ ಮೊಣಕೈ ಸವೆದಿದೆ. ಕುಯಾಟೆಯ ಹಾಗೆ ಕೆಂಪು ದಾರದಲ್ಲಿ, ಕಾಣುವಂತೆಯೇ ಕೂಡಿಸಿಕೊಡಿ ಎಂದು ಆಲ್ಟರೇಷನ್ ಅಂಗಡಿಯವರನ್ನು ಕೇಳಿದರೆ, "ಮೇಡಂ, ಹೊಸದೇ ತಗೊಂಡ್ಬಿಡಿ, ಇದಕ್ಕಿಂತ ಅಗ್ಗ ಆಗುತ್ತೆ" ಎನ್ನುತ್ತಾರೆ. ಮೊದಲು ನಮ್ಮ ಬಡಾವಣೆಯ ಮೆಟ್ಟಿಲ ಕೆಳಗೆ ಒಬ್ಬರು ಹಿರಿಯರು ರಫೂ ಹಾಕುತ್ತಾ ಕೂತಿರುತ್ತಿದ್ದರು. ಎಳೆಗೆ ಎಳೆ ಹೊಂದಿಸಿ, ತೂತು ಎಲ್ಲಿತ್ತೆಂದು ನಮಗೇ ಹುಡುಕಲಾಗದಂತೆ ಮಾಡಿಕೊಡುತ್ತಿದ್ದರು. ಆ ಜಾಗದಲ್ಲೀಗ ಫೋನಿನ ಕವರ್ ಮಾರುತ್ತಾರೆ. ಓದುಗರೇ, ನಿಮ್ಮ ಬೀದಿಯಲ್ಲಿ ರಫೂ ಹಾಕುವವರು ಇನ್ನೂ ಇದ್ದರೆ, ಮೊದಲು ನಿಮ್ಮ ಹರಿದ ಬಟ್ಟೆಗಳನ್ನೆಲ್ಲ ಅವರಿಗೆ ಕೊಟ್ಟು ಅವರ ಕೈಗೆ ಕೆಲಸ ಉಳಿಸಿ. ಆಮೇಲೆ ನನಗೂ ಅವರ ಅಂಗಡಿ ಎಲ್ಲಿದೆ ಎಂದು ಒಂದು ಸಾಲು ಬರೆದು ತಿಳಿಸಿ.